ದೀಕ್ಷಿತಾ ಮಿಸ್ಸಿನ ಉಲೂಕಾನ್ವೇಷಣೆ

ದೀಕ್ಷಿತಾಳ ಮನೆಯಲ್ಲಿ ಎದ್ದ ಬಿರುಗಾಳಿಗೆ ಮೂಲಕಾರಣ ಒಂದು ಪೆಂಗ್ವಿನ್.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಗಳ ನೆತ್ತಿಯ ಮೇಲೆ, ಐದನೇ ಮಾಳಿಗೆಯಲ್ಲಿ ಅವಳ ಫ್ಲಾಟು. ಶನಿವಾರ ಬೆಳಿಗ್ಗೆ ಸೋಫಾವನ್ನು ಗೋಡೆಗೆ ದೂಡಿ, ಟೀಪಾಯಿಯನ್ನು ಬಾಲ್ಕನಿಗೆ ಗಡಿಪಾರು ಮಾಡಿ, ಉಡುಪಿಯಿಂದ ತಂದ ಚಾಪೆ ಹಾಸಿದರೆ ಆ ಹಾಲ್ ಕನ್ನಡ ಸಂಘದ ಅಧಿಕೃತ ಪಾಠಶಾಲೆಯಾಗುತ್ತಿತ್ತು. ಅಲ್ಲಿಗೆ ಅವಳೇ ಮುಖ್ಯೋಪಾಧ್ಯಾಯಿನಿ, ಅವಳೇ ಸಹಶಿಕ್ಷಕಿ, ಬಿಸ್ಕತ್ತು ಹಂಚುವ ಆಯಾ ಕೂಡ ಅವಳೇ. ವಿದ್ಯಾರ್ಥಿಗಳು ಎಂಟು ಮಂದಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರವನ್ನೇ ಕೊಡದಿರುವುದು ಅವರ ಪದ್ಧತಿ.

ಆ ಶನಿವಾರ ಕಾಗುಣಿತದಲ್ಲಿ ‘ಗ’ ಬಂದಿತ್ತು. ಗ, ಗಾ, ಗಿ, ಗೀ ಎಲ್ಲ ಸುಸೂತ್ರವಾಗಿ ದಾಟಿ ‘ಗೂ’ ತಲುಪಿದಾಗ ಅವಳ ಸ್ವಂತ ಮಗ, ಎಂಟು ವರ್ಷದ ಶ್ರವಣ್, “ಗೂ... ಗೂಗಲ್” ಅಂದ. ದೀಕ್ಷಿತಾ ಅದನ್ನು ನುಂಗಿಕೊಂಡಳು. ಪುಸ್ತಕದಲ್ಲಿದ್ದ ಚಿತ್ರ ತೋರಿಸಿ, “ಇದು ಯಾವ ಹಕ್ಕಿ ಹೇಳಿ ನೋಡುವಾ” ಎಂದು ಕೇಳಿದಳು. ದುಂಡು ಮುಖ, ದೊಡ್ಡ ಕಣ್ಣು, ಕೊಂಬೆಯ ಮೇಲೆ ಕೂತ ಭಂಗಿ.

“ಪೆಂಗ್ವಿನ್,” ಅಂದ ಶ್ರವಣ್. “ಫ್ಯಾಟ್ ಪೆಂಗ್ವಿನ್.”

“ಪೆಂಗ್ವಿನ್ ಮರದ ಮೇಲೆ ಕೂರುವುದಿಲ್ಲ,” ಎಂದು ತಿದ್ದಿದಳು ಮೂರನೇ ಮಾಳಿಗೆಯ ಶಿಫಾನಾ. ಹತ್ತು ವರ್ಷದ ಈ ಹುಡುಗಿ ತರಗತಿಯ ಮಹಾಪಂಡಿತೆ. “ಅದು ಫಾಲ್ಕನ್. ಕನ್ನಡಕ ಹಾಕಿದೆ ಅಷ್ಟೇ.”

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಮರುಭೂಮಿಯಲ್ಲಿ ಹುಟ್ಟಿದ ಈ ಸಂತಾನ ದುಬೈಯ ಮಾಲಿನೊಳಗೆ ಹಿಮ ನೋಡಿದೆ, ಹಿಮದ ಮೇಲೆ ಪೆಂಗ್ವಿನ್ ನೋಡಿದೆ. ಈ ದೇಶದ ಲಾಂಛನವಾದ ಗಿಡುಗವಂತೂ ಇಲ್ಲಿ ಗೋಡೆಗೊಂದರಂತೆ ಕಾಣಸಿಗುತ್ತದೆ. ಆದರೆ ಯಾವ ಮಾಲಿನವರೂ ಟಿಕೆಟ್ ಇಟ್ಟು ಗೂಬೆ ತೋರಿಸುವುದಿಲ್ಲವಲ್ಲ. ಇದೆಲ್ಲ ಗೊತ್ತಿದ್ದರೂ ದೀಕ್ಷಿತಾಳ ಅಭಿಮಾನಕ್ಕೆ ಪೆಟ್ಟಾಯಿತು. ಅವಳು ಎದ್ದು ನಿಂತು (ಎದ್ದು ನಿಂತರೆ ಅವಳು ಏನಾದರೊಂದು ಘೋಷಿಸುತ್ತಾಳೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುವ ಅಪಾಯ) ಹೇಳಿದಳು: “ನಿಮಗೆ ನಾನು ನಿಜವಾದ ಗೂಬೆ ತೋರಿಸ್ತೇನೆ. ಅಷ್ಟೇ ಅಲ್ಲ, ಅದನ್ನು ಹುಡುಕುವುದು ಹೇಗೆ ಅಂತಲೂ ಕಲಿಸ್ತೇನೆ.”

ಅಡುಗೆಮನೆಯಲ್ಲಿ ಸ್ಟೀಲಿನ ಲೋಟವೊಂದು ನೆಲಕ್ಕೆ ಬಿತ್ತು.

ಬೀಳಿಸಿದವರು ಅತ್ತೆ ಅಪ್ಪಿಯಮ್ಮ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದ ಅವರು ಬಂದಂದಿನಿಂದ ಸೊಸೆಯ ಸಾರು, ಸೀರೆ, ಶಿಸ್ತು ಎಲ್ಲವನ್ನೂ ವಿಸಿಟ್ ಮಾಡುತ್ತಲೇ ಇದ್ದರು. ಮಕ್ಕಳು ಹೊರಟ ಮೇಲೆ ಅವರು ಸೆರಗಿಗೆ ಕೈ ಒರೆಸುತ್ತಾ ಹಾಲಿಗೆ ಬಂದರು.

“ಬೆಳಿಗ್ಗೆ ಬೆಳಿಗ್ಗೆ ಅದರ ಹೆಸರು ಹೇಳುವುದಾ? ಊರಿನಲ್ಲಿ ಮಾಡಿನ ಮೇಲೆ ಅದು ಕೂತರೆ ಮನೆ ಬಿಟ್ಟು ಹೋಗುವವರಿದ್ದಾರೆ. ನೀನು ಹುಡುಕಿಕೊಂಡು ಹೋಗ್ತೀಯಾ?”

“ಅತ್ತೆ, ಗೂಬೆ ಲಕ್ಷ್ಮಿಯ ವಾಹನ. ಉತ್ತರದಲ್ಲಿ ಪೂಜೆ ಮಾಡ್ತಾರೆ.”

“ಲಕ್ಷ್ಮಿ ಅದರ ಮೇಲೆ ಕೂತು ಬರಲಿ, ಆರತಿ ತಟ್ಟೆ ಹಿಡ್ಕೊಂಡು ನಾನೇ ಬಾಗಿಲಲ್ಲಿ ನಿಲ್ತೇನೆ. ಖಾಲಿ ಗಾಡಿ ನಮಗೆ ಬೇಡ.”

ವಾದದಲ್ಲಿ ಸೋತಾಗ ದೀಕ್ಷಿತಾಳ ಹಟ ಒಂದು ಗೇಣು ಬೆಳೆಯುತ್ತದೆ.

ಸಂಜೆ ಗಂಡ ಹರ್ಷಿತ್ ಬಂದ. ಅವನು ಊರಿನ ಸಾಮಾನು ತರಿಸಿ ಮಾರುವ ಕಂಪನಿಯೊಂದರಲ್ಲಿ ಅಕೌಂಟೆಂಟ್. ಕಂಪನಿಯ ಮಾಲೀಕ ಪೂವಪ್ಪಣ್ಣ. ಕನ್ನಡ ಸಂಘದ ಅಧ್ಯಕ್ಷರೂ ಅದೇ ಪೂವಪ್ಪಣ್ಣ. ಹರ್ಷಿತನ ವೀಸಾಕ್ಕೆ ಅವರು ಸ್ಪಾನ್ಸರ್. ದೀಕ್ಷಿತಾಳ ಹಟಕ್ಕೆ ಯಾವ ಸ್ಪಾನ್ಸರನ ಅಗತ್ಯವೂ ಇರಲಿಲ್ಲ.

“ನವಿಲು ತೋರಿಸು ದೀಕ್ಷಿ,” ಎಂದ ಅವನು ಮೆಲ್ಲಗೆ. “ನವಿಲಿಗೆ ಯಾರೂ ಎಂಥದೂ ಹೇಳುವುದಿಲ್ಲ.”

“ಕಾಗುಣಿತದಲ್ಲಿ ನವಿಲು ‘ನ’ಕ್ಕೆ ಬರುವುದು. ನಾವೀಗ ‘ಗ’ದಲ್ಲಿದ್ದೇವೆ.”

ಹರ್ಷಿತ್ ಸುಮ್ಮನಾದ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಅವನು ಕಲಿತ ಮುಖ್ಯ ವಿದ್ಯೆ ಅದು. ಆದರೆ ಅಷ್ಟರಲ್ಲಿ ಸುದ್ದಿ ವಾಟ್ಸ್‌ಆ್ಯಪಿನ ರೆಕ್ಕೆ ಕಟ್ಟಿಕೊಂಡು ಸಂಘದ ಗ್ರೂಪಿನಲ್ಲೆಲ್ಲ ಹಾರಾಡಿ ಅಧ್ಯಕ್ಷರ ಕಿವಿಯಲ್ಲಿ ಕೂತಾಗಿತ್ತು. ಊಟದ ಹೊತ್ತಿಗೆ ಪೂವಪ್ಪಣ್ಣನ ಫೋನು.

“ಎಂಥ ದೀಕ್ಷಿತಾ, ಮಕ್ಕಳಿಗೆ ಗೂಬೆ ತೋರಿಸ್ತೀಯಂತೆ? ಪೇರೆಂಟ್ಸ್ ಹೆದರಿದ್ದಾರೆ. ನೋಡು, ನಮ್ಮ ಸಂಘದ ಲಾಂಛನದಲ್ಲಿ ಗಂಡಭೇರುಂಡ ಉಂಟು. ಎರಡು ತಲೆಯ ಹಕ್ಕಿಯೇ ಇರುವಾಗ ಒಂದು ತಲೆಯ ಗೂಬೆ ಯಾಕೆ ಬೇಕು?”

“ಗಂಡಭೇರುಂಡ ತೋರಿಸ್ಲಿಕ್ಕೆ ಮಕ್ಕಳನ್ನು ಯಾವ ಪಾರ್ಕಿಗೆ ಕರ್ಕೊಂಡು ಹೋಗ್ಲಿ ಅಣ್ಣ?”

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಹರ್ಷಿತನ ಗಂಟಲಲ್ಲಿ ಚಪಾತಿ ಸಿಕ್ಕಿಕೊಂಡಿತು.

“ಅದು ಅಪಶಕುನದ ಹಕ್ಕಿ ಮಾರಾಯ್ತಿ,” ಎಂದರು ಪೂವಪ್ಪಣ್ಣ.

“ಅಣ್ಣ, ಯಾರೋ ಮಾಡಿದ ತಪ್ಪಿಗೆ ಇನ್ಯಾರದೋ ತಲೆ ಮೇಲೆ ಗೂಬೆ ಕೂರಿಸ್ತೇವೆ. ಪಾಪ, ಆ ಗೂಬೆ ಯಾವತ್ತಾದರೂ ತಾನಾಗಿ ಯಾರ ತಲೆ ಮೇಲಾದರೂ ಕೂತದ್ದುಂಟಾ? ಪೆದ್ದನನ್ನು ಗೂಬೆ ಅಂತ ಬೈತೇವೆ. ಕತ್ತಲಲ್ಲಿ ಇಲಿ ಹಿಡಿಯುವವರು ಯಾರು, ನಾವಾ ಅದಾ? ಗೂಬೆ ಅನ್ನುವುದು ಬೈಗುಳ ಅಲ್ಲ. ನನ್ನ ತರಗತಿಯಲ್ಲಿ ಅದು ಗೌರವದ ಮಾತು.”

ಈ ಮಾತನ್ನು ಅವಳು ಆ ವಾರ ಎಲ್ಲರಿಗೂ ಹೇಳಿದಳು. ಗ್ರೂಪಿನಲ್ಲಿ ಬರೆದಳು. ಲಿಫ್ಟಿನಲ್ಲಿ ಸಿಕ್ಕ, ಕನ್ನಡವೇ ಬಾರದ ಈಜಿಪ್ಟಿನ ಮಹನೀಯರೊಬ್ಬರಿಗೂ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ತಮ್ಮ ಮಾಳಿಗೆ ಬರುವ ಮೊದಲೇ ಇಳಿದುಹೋದರು.

ಅವಳ ಪಕ್ಷಕ್ಕೆ ನಿಂತವಳು ಒಬ್ಬಳೇ, ಶಿಫಾನಾಳ ತಾಯಿ ಮೆಹರುನ್ನಿಸಾ. “ದೀಕ್ಷಿತಕ್ಕ, ನಮ್ಮ ಉಮ್ಮನೂ ಗೂಬೆ ಕೂಗಿದರೆ ಮಕ್ಕಳನ್ನು ಒಳಗೆ ಎಳ್ಕೊಳ್ತಿದ್ದರು. ಆದ್ರೆ ನನ್ನ ಎರಡೂ ಮಕ್ಕಳು ಐಪ್ಯಾಡ್ ಬಿಟ್ಟು ಒಂದು ಸಂಜೆ ಹೊರಗೆ ಬರ್ತಾರೆ ಅಂತಾದ್ರೆ ನಾನು ಗೂಬೆಗೂ ಬಿರಿಯಾನಿ ಮಾಡಿ ಕಳಿಸ್ತೇನೆ. ಗಾಡಿ ನಂದು, ಡ್ರೈವಿಂಗ್ ನಂದು. ಯಲ್ಲಾ, ಹೊರಡುವಾ.” (ದೀಕ್ಷಿತಾಳಿಗೆ ಲೈಸೆನ್ಸ್ ಇಲ್ಲ. ಪರೀಕ್ಷಕರ ಜೊತೆ ವಾದ ಮಾಡಿದ್ದೇ ಅದಕ್ಕೆ ಕಾರಣವೆಂದು ಹರ್ಷಿತ್ ಖಾಸಗಿಯಾಗಿ ಹೇಳುತ್ತಾನೆ.)

ಸವಾಲು ಹಾಕಿದ್ದಾಯಿತು. ಆದರೆ ಗೂಬೆ ಹುಡುಕುವುದು ಹೇಗೆಂದು ಸ್ವತಃ ದೀಕ್ಷಿತಾಳಿಗೂ ಗೊತ್ತಿರಲಿಲ್ಲ. ಅವಳು ಹಗಲು ಸಾರು ಕುದಿಯುವಾಗ, ರಾತ್ರಿ ಗಂಡ ಗೊರಕೆ ಹೊಡೆಯುವಾಗ ಓದಿದಳು, ವಿಡಿಯೋ ನೋಡಿದಳು, ಮುಂದಿನ ಶನಿವಾರ ಚಾಪೆಯ ಮೇಲೆ ಸಾಕ್ಷಾತ್ ಉಲೂಕಶಾಸ್ತ್ರ ಪಾರಂಗತೆಯಾಗಿ ನಿಂತಳು.

“ಗೂಬೆ ಹುಡುಕುವವರು ಮೊದಲು ಮೇಲೆ ನೋಡಬಾರದು. ಕೆಳಗೆ ನೋಡಬೇಕು. ಅದು ದಿನಾ ಒಂದೇ ಜಾಗದಲ್ಲಿ ಕೂತು ನಿದ್ದೆ ಮಾಡ್ತದೆ. ಹಾಗಾಗಿ ಕೆಳಗೆ ಸುಣ್ಣ ಚೆಲ್ಲಿದ ಹಾಗೆ ಬಿಳೀ ಕಲೆ ಇರ್ತದೆ. ಎಂಥ ಹೇಳಿ?”

“ಪೂಪ್,” ಎಂದಿತು ತರಗತಿ ಒಕ್ಕೊರಲಿನಿಂದ. ಇಷ್ಟು ಏಕಾಗ್ರತೆ ಅವರಲ್ಲಿ ಅವಳು ಎಂದೂ ಕಂಡಿರಲಿಲ್ಲ.

“ಮತ್ತೆ, ಗೂಬೆ ಇಲಿಯನ್ನು ಇಡೀ ನುಂಗ್ತದೆ. ಜೀರ್ಣ ಆಗದ ಕೂದಲು, ಮೂಳೆ ಎಲ್ಲ ಹೊಟ್ಟೆಯೊಳಗೆ ಉಂಡೆ ಕಟ್ಟಿ ಬಾಯಿಂದ ಹೊರಗೆ ಬೀಳ್ತದೆ. ಒಣಗಿದ ಆ ಉಂಡೆ ಮರದ ಬುಡದಲ್ಲಿ ಸಿಕ್ಕಿದರೆ ಗೂಬೆ ಮೇಲೆಯೇ ಉಂಟು ಅಂತ ಲೆಕ್ಕ.”

“ಯಕ್,” ಎಂದ ಶಿಫಾನಾಳ ತಮ್ಮ ಹಿಶಾಮ್. ಆಮೇಲೆ ಒಂದು ಕ್ಷಣ ಯೋಚಿಸಿ, “ನಾನು ಅದನ್ನು ಬಿಚ್ಚಿ ನೋಡಬಹುದಾ ಮಿಸ್?” ಎಂದು ಕೇಳಿದ. ಅಂದಿನಿಂದ ಅವನ ಜೇಬಿನಲ್ಲಿ ತಾಯಿಯ ಹುಬ್ಬು ಕೀಳುವ ಚಿಮುಟ ಖಾಯಂ ಆಯಿತು.

ಪಾಠ ಮುಂದುವರಿಯಿತು. ಸಣ್ಣ ಹಕ್ಕಿಗಳು ಒಂದೇ ಮರದ ಸುತ್ತ ಕೂಡಿ ಗಲಾಟೆ ಮಾಡುತ್ತಿದ್ದರೆ ಅವು ಗೂಬೆಯನ್ನು ಬೈಯುತ್ತಿವೆ ಎಂದು ತಿಳಿಯಬೇಕು. ಗೂಬೆಯ ಕಣ್ಣಿಗೆ ಟಾರ್ಚ್ ಬಿಡಬಾರದು, ಗೂಡಿನ ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯ, ಮಾತಾಡಬಾರದು. ಈ ಕೊನೆಯ ನಿಯಮವನ್ನು ಅಭ್ಯಾಸ ಮಾಡಿಸಲು ಅವಳು ಎಂಟೂ ಮಕ್ಕಳನ್ನು ಹಾಲಿನಲ್ಲಿ ಮೌನವಾಗಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಮನೆಯವರು ಗಾಬರಿಯಿಂದ ಬಂದು ಬೆಲ್ ಮಾಡಿ, “ಎಲ್ಲರೂ ಸೌಖ್ಯವಾ?” ಎಂದು ವಿಚಾರಿಸಿದರು.

ಭಾನುವಾರ ಇಳಿಹೊತ್ತಿಗೆ ದಂಡಯಾತ್ರೆ ದುಬೈಯ ಪಾರ್ಕೊಂದಕ್ಕೆ ಹೊರಟಿತು. ಅಲ್ಲಿ ಹಳೆಯ ಗಾಫ್ (ನಮ್ಮ ಬನ್ನಿ) ಮರಗಳಿವೆ, ಆ ಮರಗಳಲ್ಲಿ ಗೂಬೆಗಳಿವೆ ಎಂದು ಅವಳು ಓದಿದ್ದಳು. ಮೆಹರುನ್ನಿಸಾಳ ಗಾಡಿಯಲ್ಲಿ ಅರ್ಧ ಮಕ್ಕಳು, ಹರ್ಷಿತನ ಗಾಡಿಯಲ್ಲಿ ಉಳಿದರ್ಧ ಮತ್ತು ಅಪ್ಪಿಯಮ್ಮ. ಮೊಮ್ಮಗನಿಗೆ ದೃಷ್ಟಿ ತಾಗದಂತೆ ಕಾಯುವುದಕ್ಕಾಗಿ ಅವರು ಬ್ಯಾಗಿನಲ್ಲಿ ನಿಂಬೆಹಣ್ಣು, ಒಣಮೆಣಸು ಇಟ್ಟುಕೊಂಡೇ ಬಂದಿದ್ದರು.

ಆ ಯಾತ್ರೆಯ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಮಕ್ಕಳು ಮೌನವಾಗಿಯೇ ಇದ್ದರು, ನಿಜ. ಆದರೆ ಸುತ್ತಲಿನ ನೂರು ಸಂಸಾರಗಳು ಬಾರ್ಬೆಕ್ಯೂ ಹೊತ್ತಿಸಿ ಹಾಡು ಹಚ್ಚಿದ್ದವು. ಸುಣ್ಣದ ಕಲೆ ಧಾರಾಳವಾಗಿ ಸಿಕ್ಕಿತು, ಮೇಲೆ ನೋಡಿದರೆ ಎಲ್ಲ ಪಾರಿವಾಳಗಳು. ಅವುಗಳಲ್ಲೊಂದು ಹರ್ಷಿತನ ಹೊಸ ಅಂಗಿಯ ಮೇಲೆ ತನ್ನ ಸಹಿ ಹಾಕಿತು. ಕೊನೆಗೆ ಹಿಶಾಮ್ ಪೊದೆಯ ಬುಡದಿಂದ ಕಪ್ಪಗಿನ ಒಂದು ಉಂಡೆ ಎತ್ತಿ ತಂದ. ಕಾಗದದ ಮೇಲಿಟ್ಟು ಚಿಮುಟದಿಂದ ಬಿಡಿಸತೊಡಗಿದ. ಮಕ್ಕಳು ಸುತ್ತ ಬಗ್ಗಿದರು. ದೀಕ್ಷಿತಾ ಪಿಸುದನಿಯಲ್ಲಿ, “ಮೂಳೆ ಕಾಣ್ತದಾ?” ಎಂದು ಕೇಳಿದಳು.

“ಇಲ್ಲ ಮಿಸ್. ಈರುಳ್ಳಿ ಕಾಣ್ತದೆ.”

ಅದು ಯಾರೋ ತಿಂದು ಬಿಟ್ಟುಹೋದ ಕಬಾಬಿನ ಚೂರು.

ಮರುದಿನ ಸಂಘದ ಗ್ರೂಪಿನಲ್ಲಿ ಹಬ್ಬವೇ ಹಬ್ಬ. ‘ಗೂಬೆ ಸಿಕ್ಕಿತಾ?’ ಎಂದು ಒಬ್ಬರು, ‘ಅರ್ಧ ಕಿಲೋ ನಮಗೂ ಕಳಿಸಿ, ಈರುಳ್ಳಿ ಜಾಸ್ತಿ’ ಎಂದು ಇನ್ನೊಬ್ಬರು. ನಗುವ ಮುಖಗಳ ಸಾಲು ನಿಲ್ಲಲೇ ಇಲ್ಲ. ಇದನ್ನಾದರೂ ಅವಳು ಸಹಿಸಿಕೊಳ್ಳುತ್ತಿದ್ದಳು. ಆದರೆ ಆ ವಾರ ಮೂವರು ಮಕ್ಕಳ ಮನೆಯವರು ಟ್ಯೂಷನ್ನಿನ ನೆಪ ಹೇಳಿ ತರಗತಿ ಬಿಡಿಸಿದರು. ಪೂವಪ್ಪಣ್ಣ ಫೋನ್ ಮಾಡಿ, ಐದು ಮಕ್ಕಳಿಗೆಂದು ತರಗತಿ ನಡೆಸುವುದು ಕಷ್ಟ, ಕಮಿಟಿಯಲ್ಲಿ ಮಾತಾಡಿ ನಿಲ್ಲಿಸುವುದೇ ಒಳ್ಳೆಯದೇನೋ, ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಆ ತರಗತಿ ಅವಳ ಪಾಲಿಗೆ ಬರೀ ತರಗತಿಯಾಗಿರಲಿಲ್ಲ. ವಾರವಿಡೀ ಅವಳು ಹರ್ಷಿತನ ಹೆಂಡತಿ, ಶ್ರವಣನ ತಾಯಿ, ಅಪ್ಪಿಯಮ್ಮನ ಸೊಸೆ. ಅವಳ ವೀಸಾದಲ್ಲಿ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಎಂದೇ ಬರೆದಿತ್ತು. ಶನಿವಾರ ಮಾತ್ರ ಅವಳು ದೀಕ್ಷಿತಾ ಮಿಸ್. ಅದನ್ನು ಒಂದು ಹಕ್ಕಿಯ ಹೆದರಿಕೆಗೆ ಬಿಟ್ಟುಕೊಡುವುದೇ? ಆ ಸಂಜೆ ಅವಳು ಚಪಾತಿ ಹಿಟ್ಟನ್ನು ನಾದಿದ ರೀತಿ ನೋಡಿ ಅಪ್ಪಿಯಮ್ಮ ಕೂಡ ಅಡುಗೆಮನೆಯಿಂದ ಹಿಂದೆ ಸರಿದರು.

ಅಂದೇ ಹರ್ಷಿತ್ ಅಲ್ ಕೂಜ್‌ನ ಗೋಡೌನಿನಿಂದ ದಣಿದು ಬಂದು ಸೋಫಾದ ಮೇಲೆ ಕುಸಿದ. ಪೂವಪ್ಪಣ್ಣನ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಎಲ್ಲ ಇಳಿಯುವುದು ದುಬೈಯ ಆ ಗೋಡೌನಿನಲ್ಲಿ.

“ಸಾಕಾಯ್ತು ಮಾರಾಯ್ತಿ. ಅದ್ಯಾವುದೋ ಹಕ್ಕಿ ಒಳಗೆ ಸೇರಿಕೊಂಡಿದೆ. ಮೂಲೆಯ ಅಕ್ಕಿ ಗೋಣಿಯ ಮೇಲೆಲ್ಲ ಸುಣ್ಣ ಹೊಡೆದ ಹಾಗೆ ಮಾಡಿಟ್ಟಿದೆ. ಪೂವಪ್ಪಣ್ಣ ಶನಿವಾರ ಪೆಸ್ಟ್ ಕಂಟ್ರೋಲಿನವರನ್ನು ಕರೆಸ್ತಾರಂತೆ.”

ದೀಕ್ಷಿತಾಳ ಕೈಯ ಲಟ್ಟಣಿಗೆ ನಿಂತಿತು. “ಸುಣ್ಣವಾ? ಒಂದೇ ಜಾಗದಲ್ಲಾ?”

“ಹೌದು.”

“ಕೆಳಗೆ ಉಂಡೆ ತರ ಏನಾದರೂ ಬಿದ್ದಿದೆಯಾ? ಕೂದಲು ಕೂದಲಾಗಿ?”

“ಬಿದ್ದಿದೆ. ನಿನಗೆ ಹೇಗೆ...” ಹರ್ಷಿತ್ ಅಲ್ಲಿಗೇ ಬಾಯಿ ಮುಚ್ಚಿಕೊಂಡ. ಹೆಂಡತಿ ಎದ್ದು ನಿಂತಿದ್ದಳು. “ಬೇಡ ದೀಕ್ಷಿ. ನನ್ನ ಕೆಲಸ ಹೋಗ್ತದೆ.”

“ಗೂಬೆ ನೋಡಿದ್ದಕ್ಕೆ ಕೆಲಸದಿಂದ ತೆಗೆಯುವ ಕಾನೂನು ಈ ದೇಶದಲ್ಲಿ ಇಲ್ಲ.”

“ಪೂವಪ್ಪಣ್ಣನಲ್ಲಿ ಉಂಟು.”

ಶನಿವಾರ ಬೆಳಿಗ್ಗೆ ಮೆಹರುನ್ನಿಸಾಳ ಎಂಟು ಸೀಟಿನ ಗಾಡಿ ಗೋಡೌನಿನ ಎದುರು ನಿಂತಾಗ ಹರ್ಷಿತ್ ಒಳಗೆ ಉಪ್ಪಿನಕಾಯಿ ಭರಣಿಗಳ ಸ್ಟಾಕ್ ತೆಗೆಯುತ್ತಿದ್ದ. ಮೊದಲು ಇಳಿದವಳು ಹೆಂಡತಿ, ಅವಳ ಹಿಂದೆ ಸಾಲಾಗಿ ಐದು ಮಕ್ಕಳು, ಕೊನೆಯಲ್ಲಿ ನಿಂಬೆಹಣ್ಣಿನ ಬ್ಯಾಗ್ ಹಿಡಿದ ತಾಯಿ. ಅವನು ಸದ್ದಿಲ್ಲದೆ ಕುಚ್ಚಲಕ್ಕಿ ರಾಶಿಯ ಹಿಂದೆ ಸರಿದು ನಿಂತ. (ಮೌನದ ವಿಷಯದಲ್ಲಿ ಅವನಿಗೆ ಯಾವ ತರಬೇತಿಯ ಅಗತ್ಯವೂ ಇರಲಿಲ್ಲ.)

ಬಾಗಿಲಲ್ಲೇ ಪೂವಪ್ಪಣ್ಣ. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಮುಖದಲ್ಲಿ ದಿಗ್ಭ್ರಮೆ.

“ಇದೆಂಥ ದೀಕ್ಷಿತಾ? ಇಲ್ಲಿಗ್ಯಾಕೆ ಮಕ್ಕಳು?”

“ಇವತ್ತು ತರಗತಿ ಇಲ್ಲಿ ಅಣ್ಣ. ಅಧ್ಯಕ್ಷರ ಗೋಡೌನಿಗಿಂತ ಸೇಫ್ ಜಾಗ ಯಾವುದುಂಟು?”

“ಪೆಸ್ಟ್ ಕಂಟ್ರೋಲಿನವರು ಬರ್ತಿದ್ದಾರೆ. ಹೊರಡಿ ಮೊದಲು.”

“ಅವರು ಬರುವವರೆಗೆ ನೋಡ್ತೇವೆ. ಬಂದ ಮೇಲೂ ನೋಡ್ತೇವೆ. ಅದು ನಿಮ್ಮ ಗೋಡೌನಿನಲ್ಲಿ ಎಂಥ ಮಾಡಿದೆ ಅಂತ ಗೊತ್ತಾಗದೆ ಓಡಿಸ್ಲಿಕ್ಕೆ ನಾನು ಬಿಡುವುದಿಲ್ಲ.” ಬಾಗಿಲ ಚೌಕಟ್ಟಿನಲ್ಲಿ ಅವಳು ಕೈ ಕಟ್ಟಿ ನಿಂತುಬಿಟ್ಟಳು. “ತರಗತಿ ನಿಲ್ಲಿಸುವುದಾದರೆ ನಿಲ್ಲಿಸಿ. ಇದು ಕೊನೆಯ ಪಾಠ ಅಂತಾದರೂ ಆಗ್ಲಿ.”

ಪೂವಪ್ಪಣ್ಣ ಅವಳನ್ನು ನೋಡಿದರು, ಮಕ್ಕಳನ್ನು ನೋಡಿದರು. ಐದೂ ಮಕ್ಕಳು ಬಾಯಿಗೆ ಬೆರಳಿಟ್ಟುಕೊಂಡು ನಿಂತಿದ್ದರು. ಸಂಘದ ಯಾವ ಕಾರ್ಯಕ್ರಮದಲ್ಲೂ ಅವರು ಅಷ್ಟು ಶಾಂತವಾದ ಸಭಿಕರನ್ನು ಕಂಡವರಲ್ಲ. “ಐದೇ ನಿಮಿಷ,” ಎಂದು ಪಕ್ಕಕ್ಕೆ ಸರಿದರು.

ಮುಂದಿನದನ್ನು ಮಕ್ಕಳೇ ಮಾಡಿದರು. ಯಾರೂ ಮೇಲೆ ನೋಡಲಿಲ್ಲ. ನೆಲ ನೋಡುತ್ತಾ ಗೋಣಿಚೀಲಗಳ ನಡುವೆ ಮೆಲ್ಲನೆ ನಡೆದರು. ಶ್ರವಣ್ ಬಿಳೀ ಕಲೆಯನ್ನು ಕಂಡು ಕೈಯೆತ್ತಿದ. ಶಿಫಾನಾ ಅದರ ಪಕ್ಕದಲ್ಲಿ ಬೂದು ಬಣ್ಣದ ಉಂಡೆ ತೋರಿಸಿದಳು. ಆಮೇಲೆ ಎಲ್ಲರೂ ಒಟ್ಟಿಗೆ, ಬಹಳ ನಿಧಾನವಾಗಿ, ಕಣ್ಣೆತ್ತಿದರು.

ತಗಡಿನ ಮಾಡಿನ ಕೆಳಗೆ, ಕಬ್ಬಿಣದ ತೊಲೆಯ ಮೂಲೆಯಲ್ಲಿ, ಅದು ಕೂತಿತ್ತು. ಮುಖ ಅಚ್ಚ ಬಿಳಿ, ವೀಳ್ಯದೆಲೆಯ ಆಕಾರ. ಮೈ ತುಂಬ ಹೊನ್ನಿನ ಬಣ್ಣ, ಅದರ ಮೇಲೆ ಎಳ್ಳು ಚೆಲ್ಲಿದಂಥ ಚುಕ್ಕೆ. ಎರಡು ಕಪ್ಪು ಕಣ್ಣುಗಳು ಅರ್ಧ ತೆರೆದು ಕೆಳಗಿನ ಈ ಜನಸಮೂಹವನ್ನು ನೋಡಿ, ಮೆಚ್ಚುಗೆಗೆ ಯೋಗ್ಯವಾದದ್ದೇನೂ ಇಲ್ಲವೆಂದು ತೀರ್ಮಾನಿಸಿ, ಮತ್ತೆ ಮುಚ್ಚಿಕೊಂಡವು.

ಐಪ್ಯಾಡಿನಲ್ಲಿ ಪ್ರಪಂಚವನ್ನೆಲ್ಲ ನೋಡಿ ಮುಗಿಸಿದ ಮಕ್ಕಳು ಬಾಯಿ ತೆರೆದು ನಿಂತಿದ್ದರು. ಶ್ರವಣ್ ಮೆಲ್ಲನೆ ಬಂದು ಅಮ್ಮನ ಕೈ ಹಿಡಿದುಕೊಂಡ. “ಅಮ್ಮ,” ಎಂದ ಕಿವಿಯ ಹತ್ತಿರ, “ಗೂಬೆ.” ಇಂಗ್ಲಿಷಿನಲ್ಲಿ ಹೇಳಲಿಲ್ಲ. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣವೆಲ್ಲ ದೀಕ್ಷಿತಾಳಿಗೆ ಮರೆತುಹೋಯಿತು.

“ಇದು ಗೂಬೆಯಾ?” ಎಂದದ್ದು ಅಪ್ಪಿಯಮ್ಮ. ಬ್ಯಾಗಿನೊಳಗೆ ನಿಂಬೆಹಣ್ಣು ಹುಡುಕುತ್ತಿದ್ದ ಕೈ ಅಲ್ಲೇ ನಿಂತಿತ್ತು. “ಪೌಡರ್ ಹಾಕಿ ಕೂರಿಸಿದ ಮದುಮಗಳ ಹಾಗೆ ಉಂಟಲ್ಲ. ಇಷ್ಟು ವರ್ಷ ಹೆದರಿದ್ದು ಇದಕ್ಕಾ?”

“ಇದನ್ನು ಕಣಜ ಗೂಬೆ ಅಂತ ಹೇಳ್ತಾರೆ ಅತ್ತೆ. ಅಕ್ಕಿಯ ಕಣಜ ಕಾಯ್ತದೆ.”

“ಕಾಯುವುದಾ?” ಎಂದು ಕೇಳಿದರು ಪೂವಪ್ಪಣ್ಣ. ಅವರು ಎಲ್ಲರಿಗಿಂತ ಹಿಂದೆ, ಬಾಗಿಲಿಗೆ ಹತ್ತಿರವಾಗಿ ನಿಂತಿದ್ದರು. ಅಷ್ಟರಲ್ಲಿ ಮೇಲಿನಿಂದ ಕುಕ್ಕರಿನ ಹಬೆಯಂಥ ಒಂದು ಬುಸ್ ಬಂತು. ಅಧ್ಯಕ್ಷರು ಇನ್ನೂ ಎರಡು ಹೆಜ್ಜೆ ಬಾಗಿಲಿಗೆ ಹತ್ತಿರವಾದರು.

ಉತ್ತರ ಕೊಟ್ಟವನು ಹಿಶಾಮ್. ಅವನು ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಉಂಡೆ ಇಟ್ಟುಕೊಂಡು ಚಿಮುಟ ಹಿಡಿದು ಕೂತಾಗಿತ್ತು. ಈ ಸಲ ಈರುಳ್ಳಿ ಬರಲಿಲ್ಲ. ಕೂದಲಿನ ಒಳಗಿನಿಂದ ಸಣ್ಣ ಸಣ್ಣ ಮೂಳೆಗಳು, ಆಮೇಲೆ ಉದ್ದ ಹಲ್ಲಿನ ಪುಟ್ಟ ತಲೆಬುರುಡೆ. “ಇಲಿ ಮಿಸ್,” ಎಂದ. ಇನ್ನೊಂದು ಉಂಡೆ ಬಿಡಿಸಿದ. ಅದರಲ್ಲೂ ಇಲಿ. ನೆಲದ ಮೇಲೆ ಅಂಥ ಉಂಡೆಗಳು ರಾಶಿ ರಾಶಿ ಬಿದ್ದಿದ್ದವು.

ಆಗ ಕುಚ್ಚಲಕ್ಕಿ ರಾಶಿಯ ಹಿಂದಿನಿಂದ ಒಂದು ದನಿ ಕೇಳಿಸಿತು. “ಅಣ್ಣ, ಅದು ಹೌದು. ಈ ಸಲ ಒಂದು ಗೋಣಿಯೂ ತೂತಾಗಿಲ್ಲ.”

ಹರ್ಷಿತ್ ತಲೆ ಹೊರಗೆ ಹಾಕಿದ್ದ. ಹೆಂಡತಿ ಅವನನ್ನು ನೋಡಿದ ನೋಟದಲ್ಲಿ ಹನ್ನೊಂದು ವರ್ಷದ ಹಿಂದೆ ಮಂಟಪದಲ್ಲಿ ಕಂಡಿದ್ದ ಪ್ರೀತಿ ಇತ್ತೆಂದು ಅವನು ಇವತ್ತಿಗೂ ಹೇಳುತ್ತಾನೆ.

ಪೂವಪ್ಪಣ್ಣ ವ್ಯಾಪಾರಿ. ಇಲಿ ತಿಂದ ಅಕ್ಕಿಯ ದುಃಖ ಅವರಿಗೆ ಗೊತ್ತು. ಅವರು ಬಹಳ ಹೊತ್ತು ಆ ಬುರುಡೆಯನ್ನು ನೋಡಿದರು, ತೊಲೆಯನ್ನು ನೋಡಿದರು, ಆಮೇಲೆ ಫೋನ್ ತೆಗೆದು ಪೆಸ್ಟ್ ಕಂಟ್ರೋಲಿನವರಿಗೆ, “ಖಲಾಸ್, ಬರುವುದು ಬೇಡ. ನಮ್ಮಲ್ಲಿ ಸ್ಟಾಫ್ ಇದ್ದಾರೆ,” ಎಂದರು.

ಒಲಿದ ಮೇಲೆ ಪೂವಪ್ಪಣ್ಣನನ್ನು ಹಿಡಿಯುವವರಿಲ್ಲ. ಆ ಮೂಲೆಯ ಗೋಣಿಗಳನ್ನು ಬೇರೆ ಕಡೆ ಇರಿಸಿದರು, ಅಲ್ಲಿ ದೀಪ ಹಾಕಬಾರದೆಂದು ಆಜ್ಞೆ ಹೊರಡಿಸಿದರು, ಗ್ರೂಪಿನಲ್ಲಿ ಗೂಬೆಯ ಫೋಟೋ ಹಾಕಿ ‘ನಮ್ಮ ಹೆಮ್ಮೆ’ ಎಂದು ಬರೆದರು. ನಕ್ಕವರೆಲ್ಲ ಕೈ ಮುಗಿಯುವ ಚಿತ್ರ ಹಾಕಿದರು. ಬಿಟ್ಟುಹೋದ ಮೂವರು ಮಕ್ಕಳು ಒಂಬತ್ತು ಹೊಸಬರನ್ನು ಕರೆದುಕೊಂಡು ಬಂದರು. ಹಾಲಿನಲ್ಲಿ ಚಾಪೆ ಸಾಲದೆ ಹರ್ಷಿತ್ ಶನಿವಾರಗಳನ್ನು ಟೀಪಾಯಿಯ ಜೊತೆ ಬಾಲ್ಕನಿಯಲ್ಲಿ ಕಳೆಯತೊಡಗಿದ. ದೀಕ್ಷಿತಾ ಗೆದ್ದಿದ್ದಳು. ಸೋತವರ ಎದುರು ಗೆದ್ದವರು ಸುಮ್ಮನಿರಬೇಕು ಎಂದು ಹಿರಿಯರು ಹೇಳುತ್ತಾರೆ. ಅವಳು ಸುಮ್ಮನಿರಲಿಲ್ಲ. ‘ಗೂಬೆ ಬೈಗುಳವಲ್ಲ, ಗೌರವದ ಮಾತು’ ಎಂದು ಗೋಡೆಗೆ ಬರೆದು ಅಂಟಿಸಿದಳು, ಹದಿನೇಳು ಮಕ್ಕಳಿಂದ ಅದನ್ನೇ ಕಾಪಿ ಬರೆಸಿದಳು.

ಸಂಘದ ವಾರ್ಷಿಕೋತ್ಸವ ಬನಿಯಾಸಿನ ಸಭಾಂಗಣವೊಂದರಲ್ಲಿ ನಡೆಯಿತು. ಕುರ್ಚಿಗಳೆಲ್ಲ ಭರ್ತಿ. ಮಕ್ಕಳ ಪರವಾಗಿ ಶಿಫಾನಾ ಭಾಷಣ ಮಾಡುವುದೆಂದು ಗೊತ್ತಾಗಿತ್ತು. ಅದನ್ನು ಮಕ್ಕಳೇ ಕೂಡಿ, ಯಾರ ಸಹಾಯವೂ ಇಲ್ಲದೆ, ಶುದ್ಧ ಕನ್ನಡದಲ್ಲಿ ಬರೆದಿದ್ದರು. ದೀಕ್ಷಿತಾ ಮೊದಲೇ ಓದಿ ನೋಡಿರಲಿಲ್ಲ. ಮ್ಯಾಚಿಂಗ್ ಬ್ಲೌಸು ಹೊಲಿಸುವುದರಲ್ಲಿ ಆ ಕಡೆ ಗಮನ ಹೋಗಿರಲಿಲ್ಲ.

“ಎಲ್ಲರಿಗೂ ನಮಸ್ಕಾರ,” ಎಂದು ಶಿಫಾನಾ ಆರಂಭಿಸಿದಳು. “ಗೂಬೆ ಸದ್ದು ಮಾಡುವುದಿಲ್ಲ. ಗೂಬೆ ಹೊಗಳಿಕೆ ಕೇಳುವುದಿಲ್ಲ. ಎಲ್ಲರೂ ಮಲಗಿರುವಾಗ ಗೂಬೆ ಕೆಲಸ ಮಾಡುತ್ತದೆ. ನಮ್ಮ ಅಧ್ಯಕ್ಷರಾದ ಪೂವಪ್ಪ ಅಂಕಲ್ ಕೂಡ ಎಲ್ಲರೂ ಮಲಗಿರುವಾಗ ಕೆಲಸ ಮಾಡುತ್ತಾರೆ. ಆದ್ದರಿಂದ ನಮ್ಮ ಅಧ್ಯಕ್ಷರು ಒಬ್ಬ ಗೂಬೆ.”

ವೇದಿಕೆಯ ಮೇಲೆ ಪೂವಪ್ಪಣ್ಣನ ಮುಗುಳ್ನಗೆ ಅರ್ಧ ದಾರಿಯಲ್ಲಿ ನಿಂತಿತು.

“ನಮ್ಮ ಕಮಿಟಿಯ ಎಲ್ಲರೂ ಗೂಬೆಗಳು,” ಎಂದು ಶಿಫಾನಾ ಭಕ್ತಿಯಿಂದ ಮುಂದುವರಿಸಿದಳು.

ಹಿಂದಿನ ಸಾಲಿನಲ್ಲಿ, ಕಳೆದ ಚುನಾವಣೆಯಲ್ಲಿ ಸೋತ ಬಣದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯವರು ನೀರು ಕುಡಿಯಲು ಹೋಗಿ ಮೂಗಿಗೆ ಏರಿಸಿಕೊಂಡರು. ದೀಕ್ಷಿತಾ ಮುಂದಿನ ಸಾಲಿನಲ್ಲಿ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಇಲ್ಲಿ ಹುಟ್ಟಿ ಬೆಳೆದ ಈ ಮಕ್ಕಳು ಯಾರ ಬಾಯಿಂದಲೂ ಆ ಬೈಗುಳ ಕೇಳಿರಲೇ ಇಲ್ಲ. ಅವರಿಗೆ ಗೊತ್ತಿದ್ದದ್ದು ಅವಳು ಕಲಿಸಿದ ಅರ್ಥ ಒಂದೇ.

“ಆದರೆ ಇವರೆಲ್ಲರಿಗಿಂತ ದೊಡ್ಡ ಗೂಬೆ,” ಎಂದಳು ಶಿಫಾನಾ, ದನಿ ಏರಿಸಿ, “ನಮ್ಮ ದೀಕ್ಷಿತಾ ಮಿಸ್. ಅವರಂಥ ಗೂಬೆ ಈ ದೇಶದಲ್ಲೇ ಇಲ್ಲ. ಅವರಿಗೆ ನಾವು ಈಗ ಬಿರುದು ಕೊಡುತ್ತೇವೆ.”

ಹಿಶಾಮ್ ಶಾಲು ತಂದ, ಶ್ರವಣ್ ಹಾರ ತಂದ. ಪೂವಪ್ಪಣ್ಣ ಮೈಕ್ ಹಿಡಿದರು. “ಸಂಘದವರು ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಹೇಳ್ತಿದ್ದದ್ದನ್ನು ಈ ಮಗು ಮೈಕಿನಲ್ಲಿ ಮರ್ಯಾದೆ ಕೊಟ್ಟು ಹೇಳಿದೆ,” ಎಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ದೀಕ್ಷಿತಾ, ಬಿರುದು ತೆಗೆದುಕೊಳ್ಳಬೇಕು. ಬೇಕಾದರೆ ‘ಉಲೂಕಶ್ರೀ’ ಅಂತ ಮಾಡುವಾ.”

ದೀಕ್ಷಿತಾಳ ಮುಖ ಸ್ವಲ್ಪ ಅರಳಿತು. ಅಷ್ಟರಲ್ಲಿ ಹಿಶಾಮ್, “ನೋ ಅಂಕಲ್. ಕಷ್ಟದ ಪದ ಬೇಡ, ಸುಲಭ ಕನ್ನಡ ಮಾತಾಡಿ ಅಂತ ಮಿಸ್ಸೇ ಹೇಳಿಕೊಟ್ಟದ್ದು. ಗೂಬೆ,” ಎಂದ.

ಓಡಲು ದಾರಿ ಇರಲಿಲ್ಲ. ಬೇಡ ಎಂದರೆ ಇಷ್ಟು ದಿನ ವಾದಿಸಿದ್ದೆಲ್ಲ ಸುಳ್ಳಾಗುತ್ತದೆ. ಅವಳು ತಲೆ ಎತ್ತಿಕೊಂಡು ವೇದಿಕೆ ಹತ್ತಿದಳು, ಶಾಲಿಗೆ ಹೆಗಲು ಕೊಟ್ಟಳು, ಮೈಕ್ ಕಸಿದುಕೊಂಡಳು.

“ಹೌದು. ನಾನು ಗೂಬೆ. ಯಾರಿಗಾದರೂ ಆಕ್ಷೇಪ ಉಂಟಾ?”

ಯಾರಿಗೂ ಇರಲಿಲ್ಲ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು, ಎದೆಯಲ್ಲಿ ಧೈರ್ಯ ತುಂಬಿಕೊಂಡು ಅವಳು ರಾಣಿಯಂತೆ ಕೆಳಗಿಳಿದು ಬಂದಳು. ಮುಂದಿನ ಸಾಲಿನಲ್ಲಿ ಅಪ್ಪಿಯಮ್ಮ ಕಣ್ಣೊರೆಸಿಕೊಳ್ಳುತ್ತಾ ಊರಿನ ತಂಗಿಗೆ ವಿಡಿಯೋ ಕಾಲ್ ಮಾಡಿದ್ದರು. ಆಚೆ ಕಡೆಯವರಿಗೆ ಸರಿಯಾಗಿ ಕೇಳಲೆಂದು ಅವರು ಇಡೀ ಸಭಾಂಗಣಕ್ಕೆ ಕೇಳುವಂತೆ ಮಾತಾಡುತ್ತಿದ್ದರು.

“ನೋಡು, ನನ್ನ ಸೊಸೆಗೆ ಶಾಲು ಹಾಕಿ ‘ಗೂಬೆ’ ಅಂತ ಬಿರುದು ಕೊಟ್ಟರು. ಕಾಣ್ತದಾ? ಮದುವೆಯಾಗಿ ಬಂದ ವಾರವೇ ನಾನು ನಿನ್ನ ಹತ್ತಿರ ಹೇಳಿದ್ದೆ, ನೆನಪುಂಟಲ್ಲ? ಇವರಿಗೆ ಗೊತ್ತಾಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತು.”